ಬ್ಯಾಗು ಕಾಯುತ್ತಿದ್ದವರು

ಅವರ ಅಂಗಿಯ ಎಡಜೇಬಿನಲ್ಲಿ ಸದಾ ಬೇರೆಯವರ ಕನ್ನಡಕಗಳಿರುತ್ತಿದ್ದವು. ನಾಲ್ಕೋ ಐದೋ ಕನ್ನಡಕ, ಒಂದರ ಕಡ್ಡಿ ಇನ್ನೊಂದಕ್ಕೆ ಸಿಕ್ಕಿಕೊಂಡು ಜೇಬು ಉಬ್ಬಿ, ಅಂಗಿಯೇ ಆ ಕಡೆಗೆ ಜೋತುಬಿದ್ದಿರುತ್ತಿತ್ತು. ಎರಡೂ ಹೆಗಲಿಗೆ ಎರಡೆರಡು ಬ್ಯಾಗು. ಮುಂಗೈಯ ಮೇಲೆ ಮಕ್ಕಳ ಜಾಕೆಟ್ಟುಗಳ ರಾಶಿ. ಬೆರಳುಗಳ ನಡುವೆ ಯಾರೋ ಅರ್ಧ ತಿಂದು ಕೊಟ್ಟ ಫ್ರೈಸಿನ ಪೊಟ್ಟಣ. ಹಾಗೆ ನಿಂತು, ಬಾಯಿ ಸ್ವಲ್ಪ ತೆರೆದು, ತಲೆಯೆತ್ತಿ, ಮೇಲೆ ಪಾರ್ಕಿನ ಉರುಳುವ ರೈಲಿನ ಹಳಿಯಲ್ಲಿ ತಲೆಕೆಳಗಾಗಿ ಕಿರುಚುತ್ತಿದ್ದ ನಮ್ಮನ್ನು ನೋಡುತ್ತಿದ್ದರು.

ಇಷ್ಟು ಬರೆದು ನಿಲ್ಲಿಸಬೇಕಾಗಿದೆ. ಮೇಲಿದ್ದವನು ನಾನು, ನನ್ನ ಕನ್ನಡಕ ಅವರ ಜೇಬಿನಲ್ಲಿತ್ತು. ಅವರ ಬಾಯಿ ತೆರೆದಿತ್ತೋ ಮುಚ್ಚಿತ್ತೋ ನನಗೆ ಕಂಡಿರಲು ಸಾಧ್ಯವೇ ಇಲ್ಲ. ಆದರೂ ಕಂಡಂತೆ ನೆನಪಿದೆ. ಅವರ ಬಗ್ಗೆ ನನಗಿರುವ ನೆನಪುಗಳಲ್ಲಿ ಬಹಳಷ್ಟು ಇಂಥವೇ ಇರಬೇಕು.

ಡಚ್ಚರ ನಾಡಿನ ಹೂಫ್‌ಡಾರ್ಪ್ ಎಂಬ ಊರಿನಲ್ಲಿ ನಮ್ಮ ಕಟ್ಟಡದ ಒಂದನೆಯ ಮಹಡಿಯಲ್ಲಿ ಅವರ ಮನೆ, ಮೂರನೆಯದರಲ್ಲಿ ನಮ್ಮದು. ಮೈಸೂರಿನವರು, ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ವಿಮಾನ ನಿಲ್ದಾಣದ ಹತ್ತಿರ ಒಂದು ಸರಕು ಸಾಗಣೆಯ ಕಚೇರಿಯಲ್ಲಿ, ಯಾವ ಪೆಟ್ಟಿಗೆ ಯಾವ ವಿಮಾನಕ್ಕೆ ಏರಬೇಕೆಂದು ಗೊತ್ತುಮಾಡುವ ಕೆಲಸ. ನಾನು ಅವರನ್ನು ‘ಸಾರ್’ ಎನ್ನುತ್ತಿದ್ದೆ, ಅವರು ನನ್ನನ್ನು ‘ಏನಯ್ಯ’ ಎನ್ನುತ್ತಿದ್ದರು. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಅವರಿಗೆ ‘ಬ್ಯಾಗ್ ಅಂಕಲ್’ ಎಂದು ಹೆಸರಿಟ್ಟಳು. ಆಮೇಲೆ ಇಲ್ಲಿನ ಕನ್ನಡದವರ ಮನೆಗಳಲ್ಲೆಲ್ಲ ಮಕ್ಕಳಿಗೆ ಅವರು ಬ್ಯಾಗ್ ಅಂಕಲ್ಲೇ.

ರಜೆ ಎಂದರೆ ನಮ್ಮಂಥವರಿಗೆ ಪಾರ್ಕು. ಅರಮನೆ, ಇಗರ್ಜಿ, ಗಾಳಿಯಂತ್ರಗಳೆಲ್ಲ ಊರಿನಿಂದ ಬಂದ ಅಪ್ಪ ಅಮ್ಮನಿಗೆ ತೋರಿಸಲು. ಮಕ್ಕಳಿಗೆ ಬೇಕಾದದ್ದು ಜಾರುಬಂಡೆ, ಉರುಳುವ ರೈಲು, ಅಲೆಯೇಳುವ ಕೊಳ. ಟಿಲ್‌ಬರ್ಗಿನ ಕಡೆಯದಾಯಿತು, ಗಡಿ ದಾಟಿ ಜರ್ಮನಿಯದಾಯಿತು, ಬೆಲ್ಜಿಯಮ್ಮಿನದಾಯಿತು. ಎರಡು ಮೂರು ಮನೆಯವರು ಸೇರಿ ಹೋಗುತ್ತಿದ್ದೆವು, ಎಲ್ಲದಕ್ಕೂ ಅವರು ಬರುತ್ತಿದ್ದರು. ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡು ಒಳಗೆ ಬಂದು, ಒಂದಕ್ಕೂ ಹತ್ತುತ್ತಿರಲಿಲ್ಲ.

“ಇಷ್ಟು ದೂರ ಬಂದು ಬರೀ ನಿಂತ್ಕೋತೀರಲ್ಲ ಸಾರ್!”

“ನಿಂತ್ಕೊಳ್ಳೋದಕ್ಕೆ ಇಷ್ಟು ಒಳ್ಳೆ ಜಾಗ ಮೈಸೂರಲ್ಲಿ ಎಲ್ಲಿದೆಯಯ್ಯ? ಅಲ್ಲಿ ನಿಂತ್ರೆ ಯಾಕ್ ನಿಂತೆ ಅಂತ ಕೇಳ್ತಾರೆ.”

ನಾವು ಕೆಳಗಿಳಿದು ಬರುವಾಗ ಗೇಟಿನಲ್ಲೇ ಎಣಿಸುತ್ತಿದ್ದರು. “ಆರು ಜನ ಹೋಗಿದ್ದು. ಆರೂ ವಾಪಸ್ ಬಂದ್ವಾ? ಸರಿ.” ಆಮೇಲೆ ಒಬ್ಬೊಬ್ಬರ ಕನ್ನಡಕವನ್ನೂ ಅಂಗಿಯ ಚುಂಗಿನಿಂದ ಒರೆಸಿ ಕೊಡುತ್ತಿದ್ದರು. ಯಾರದ್ದು ಯಾರಿಗೂ ಅದಲುಬದಲಾದದ್ದಿಲ್ಲ. ಮಕ್ಕಳು ಕಳೆದುಹೋದರೆ ಇರಲಿ ಎಂದು ಒಳಗೆ ಹೋದ ಕೂಡಲೇ ಅವರ ಮುಂಗೈಯ ಮೇಲೆ ಬಾಲ್‌ಪೆನ್ನಿನಲ್ಲಿ ಫೋನ್ ನಂಬರ್ ಬರೆಯುತ್ತಿದ್ದರು. ನನ್ನ ನಂಬರ್ ಅಲ್ಲ, ತಮ್ಮದು. “ನೀನು ಮೇಲೆ ನೇತಾಡ್ತಿರ್ತೀಯ. ಎತ್ತೋದು ಯಾರು?”

ನೀರಿನ ಪಾರ್ಕಾದರೆ ಕೊಳದ ಅಂಚಿನಲ್ಲಿ ಬಿಳಿ ಪ್ಲಾಸ್ಟಿಕ್ ಕುರ್ಚಿ. ಬೂಟಿನ ಮೇಲೆ ಅಲ್ಲಿಯವರು ಕೊಡುವ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ತುಂಬುತೋಳಿನ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಚಡ್ಡಿ ತೊಟ್ಟ ನೂರಾರು ಜನರ ನಡುವೆ ಯಾವುದೋ ಕಚೇರಿಯಿಂದ ತಪಾಸಣೆಗೆ ಬಂದವರ ಹಾಗೆ ಕುಳಿತಿರುತ್ತಿದ್ದರು. ನೀರಿಗೆ ಕಾಲು ಸಹ ಇಳಿಬಿಟ್ಟವರಲ್ಲ.

ಏಕೆಂದು ನನಗೆ ಮೂರು ಕಾರಣ ಗೊತ್ತಿದೆ. ಶೀತವಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಮೈಮೇಲೆ ಸುಟ್ಟ ಕಲೆಯಿದೆ ಎಂದು ಒಬ್ಬರು ಹೇಳಿದ್ದರು. ತಂದೆಯ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಹೊಳೆಗಿಳಿದವರು ಆಮೇಲೆ ಯಾವ ನೀರಿಗೂ ಇಳಿಯಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮೂರನೆಯದು ಮುಂದೆ ನಡೆದದ್ದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಅದಕ್ಕೇ ಅದನ್ನು ನಾನು ನಂಬುವುದಿಲ್ಲ.

ಮೈಸೂರಿನಲ್ಲಿ ಅವರ ತಾಯಿ ಇದ್ದರು, ಅಕ್ಕನ ಮನೆಯಲ್ಲಿ. ಆ ಅಕ್ಕ ಒಮ್ಮೆ ಬಂದು ಆರು ವಾರ ಇಲ್ಲಿದ್ದು ಹೋಗಿದ್ದರು. ನನ್ನ ಹೆಂಡತಿಗೆ ಪುಳಿಯೋಗರೆ ಗೊಜ್ಜು ಮಾಡುವುದನ್ನು ಕಲಿಸಿದ್ದರು, ನನ್ನ ಫೋನಿನಲ್ಲಿ ‘ಮೈಸೂರು ಅಕ್ಕ’ ಎಂದು ಅವರ ನಂಬರ್ ಉಳಿದಿತ್ತು. ಹೋಗುವಾಗ ತಮ್ಮನ ಕುರಿತು, “ಇವನಿಗೆ ಇಲ್ಲಿ ಏನಿದೆ ಅಂತ ಕೂತಿದಾನೋ, ನೀವೇ ಹೇಳಿ,” ಎಂದಿದ್ದರು. ತಮ್ಮ ನಕ್ಕು, “ಮನೆಯವರೇ ಇದಾರಲ್ಲೇ,” ಎಂದು ನಮ್ಮ ಕಡೆ ಕೈ ತೋರಿಸಿದ್ದರು. ನಮಗೆ ಹೆಮ್ಮೆಯಾಗಿತ್ತು.

ಆಮೇಲೆ ಕೊರೊನಾ. ಪಾರ್ಕುಗಳು ಮುಚ್ಚಿದವು, ತೆರೆದವು, ಮತ್ತೆ ಮುಚ್ಚಿದವು. ಜನ ಹಾರುವ ವಿಮಾನಗಳು ನಿಂತರೂ ಪೆಟ್ಟಿಗೆ ಹಾರುವವು ನಿಲ್ಲಲಿಲ್ಲ. ಹಾಗಾಗಿ ಅವರಿಗೆ ಮಾತ್ರ ಕೈತುಂಬ ಕೆಲಸ. ಎರಡನೆಯ ವರ್ಷದ ಮೇ ತಿಂಗಳಲ್ಲಿ ಭಾರತಕ್ಕೆ ಆಮ್ಲಜನಕದ ಯಂತ್ರಗಳನ್ನು ಸಾಗಿಸುತ್ತಿದ್ದರು. ಅಲ್ಲಿಂದ ಇಲ್ಲಿಗೆ ಜನರ ವಿಮಾನ ಬರುವಂತಿರಲಿಲ್ಲ; ಹೋದವರು ಯಾವಾಗ ಹಿಂದಿರುಗಬಹುದೆಂದು ಹೇಳುವವರಿರಲಿಲ್ಲ. “ಡಬ್ಬ ಹೋಗುತ್ತೆ ಕಣಯ್ಯ, ಡಬ್ಬ ಕಟ್ಟೋನು ಹೋಗಂಗಿಲ್ಲ,” ಎಂದು ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು. ತಾಯಿಗೆ ಜ್ವರವೆಂದೂ ಆಸ್ಪತ್ರೆಗೆ ಸೇರಿಸಿದ್ದಾರೆಂದೂ ಆಗಲೇ ತಿಳಿಸಿದರು. ಅಕ್ಕ ದಿನವಿಡೀ ಆಸ್ಪತ್ರೆಯ ಗೇಟಿನ ಹೊರಗೆ ನಿಂತಿರುತ್ತಾಳೆ, ಒಳಗೆ ಬಿಡುವುದಿಲ್ಲ. ಈಗ ಪರವಾಗಿಲ್ಲವಂತೆ.

ಆ ತಿಂಗಳ ಕೊನೆಯಲ್ಲಿ ಪಾರ್ಕುಗಳು ಮತ್ತೆ ತೆರೆದವು. ಕಾಡಿನ ನಡುವೆ ಸಣ್ಣ ಸಣ್ಣ ಮನೆಗಳನ್ನು ಬಾಡಿಗೆಗೆ ಕೊಡುವ ಒಂದು ರಜೆತಾಣ, ಅಲ್ಲಿ ಗಾಜಿನ ಸೂರಿನ ಕೆಳಗೆ ಅಲೆಯ ಕೊಳ. ಎರಡು ಗಂಟೆಯಷ್ಟೇ ಒಳಗಿರಬಹುದು, ಮೊದಲೇ ಸಮಯ ಕಾದಿರಿಸಬೇಕು, ಒಂದೇ ಮನೆಯವರಾಗಿರಬೇಕು. ಅರ್ಜಿಯಲ್ಲಿ ನಾನು ಅವರನ್ನೂ ಮನೆಯವರೆಂದೇ ತುಂಬಿದೆ. ಅವರು ಬರಲು ಒಪ್ಪಲಿಲ್ಲ.

“ಈ ಸಲ ಬಿಡು. ಅಮ್ಮ ಆಸ್ಪತ್ರೇಲಿದಾರೆ. ಮನಸ್ಸಿಲ್ಲ.”

“ಪರವಾಗಿಲ್ಲ ಅಂದ್ರಲ್ಲ ಸಾರ್. ಮನೇಲಿ ಕೂತು ಏನ್ ಮಾಡ್ತೀರ? ಇವಳು ಒಂದು ವರ್ಷದಿಂದ ಗೋಡೆ ನೋಡ್ಕೊಂಡಿದಾಳೆ. ನೀವು ಬರದೇ ಇದ್ರೆ ನಾನೂ ಹೋಗಲ್ಲ ಅಂತಿದಾಳೆ.”

ಮಗಳು ಹಾಗೆ ಹೇಳಿರಲಿಲ್ಲ. ಹೇಳಿರಲಿಲ್ಲವೆಂದು ನನಗೆ ಖಚಿತವಾಗಿ ನೆನಪಿರುವ ಕೆಲವೇ ಸಂಗತಿಗಳಲ್ಲಿ ಇದೊಂದು. ನಮಗೆ ಬ್ಯಾಗು ನೋಡಿಕೊಳ್ಳುವವರು ಬೇಕಿತ್ತು.

ಮಧ್ಯಾಹ್ನ ಹನ್ನೆರಡರ ಸುಮಾರು. ನಾನು, ಹೆಂಡತಿ, ಮಗಳು ಕೊಳದಲ್ಲಿದ್ದೆವು. ನನ್ನ ಕೊರಳಲ್ಲಿ ನೀರು ಹೊಗದ ಚೀಲದಲ್ಲಿ ಫೋನು. ಪ್ಲಾಸ್ಟಿಕ್ ತಾಳೆಮರಗಳ ಕೆಳಗೆ ಅವರು ಕುರ್ಚಿಯಲ್ಲಿದ್ದರು. ಅಲೆ ಬರುವ ಮೊದಲು ಬಾರಿಸುವ ಗಂಟೆ ಮೊಳಗಿತು, ಮಕ್ಕಳೆಲ್ಲ ಕೂಗಿದರು. ತಿರುಗಿ ನೋಡಿದರೆ ಅವರು ಎದ್ದು ನಿಂತಿದ್ದರು. ಬ್ಯಾಗುಗಳನ್ನು ಒಂದೊಂದಾಗಿ ಇಳಿಸಿ ಕುರ್ಚಿಯ ಮೇಲೆ ಸಾಲಾಗಿಟ್ಟರು. ಜೇಬಿನಿಂದ ಕನ್ನಡಕಗಳನ್ನು ತೆಗೆದು ಟವೆಲಿನ ಮಡಿಕೆಯೊಳಗೆ ಇಟ್ಟರು. ತಮ್ಮ ಫೋನನ್ನು ನನ್ನ ಬೂಟಿನೊಳಗೆ ಇಟ್ಟರು. ನೀಲಿ ಚೀಲ, ಬೂಟು, ಕಾಲುಚೀಲ ಬಿಚ್ಚಿದರು. ಆಮೇಲೆ ಅಂಗಿ ಪ್ಯಾಂಟಿನಲ್ಲೇ ನಡೆದುಕೊಂಡು ನೀರಿಗೆ ಬಂದರು.

“ಅಯ್ಯೋ, ನೋಡ್ರೀ, ನೋಡ್ರೀ!” ಎಂದಳು ಹೆಂಡತಿ.

ಮಂಡಿ, ಸೊಂಟ, ಎದೆ. ಅಲೆಗಳು ಶುರುವಾಗಿದ್ದವು. ಒಂದು ಅಲೆ ಅವರನ್ನು ಹಿಂದಕ್ಕೆ ತಳ್ಳಿತು, ಅವರು ಮತ್ತೆ ಮುಂದಕ್ಕೆ ಬಂದರು. ಮೂಗು ಹಿಡಿದುಕೊಂಡು ಮುಳುಗಿದರು, ಎದ್ದರು. ಮುಳುಗಿದರು, ಎದ್ದರು. ಮತ್ತೊಮ್ಮೆ.

ಇಲ್ಲಿನ ಮಕ್ಕಳೆಲ್ಲ ಈಜಿನ ಎ-ಡಿಪ್ಲೊಮಾ ಪರೀಕ್ಷೆ ಕೊಡುತ್ತಾರೆ. ಕಾಲುವೆಗೆ ಬಿದ್ದರೆ ಬದುಕಬೇಕಲ್ಲ, ಅದಕ್ಕೆ ಆ ಪರೀಕ್ಷೆಯಲ್ಲಿ ಬಟ್ಟೆ ಬೂಟು ಹಾಕಿಕೊಂಡೇ ಈಜಬೇಕು. ನನ್ನ ಮಗಳು ಹಿಂದಿನ ವರ್ಷವಷ್ಟೇ ಅದನ್ನು ಮುಗಿಸಿದ್ದಳು. ಅವಳು ಕುಣಿಯುತ್ತ ಕೂಗಿದಳು: “ಬ್ಯಾಗ್ ಅಂಕಲ್ ಎ-ಡಿಪ್ಲೊಮಾ ಮಾಡ್ತಿದಾರೆ!”

ನಾವು ನಕ್ಕೆವು. ನೀರು ಮೂಗಿಗೆ ಹೋಗುವಷ್ಟು ನಕ್ಕೆವು. ಪಕ್ಕದ ಡಚ್ಚರೂ ಮಗಳ ಮಾತಿನಲ್ಲಿ ಡಿಪ್ಲೊಮಾ ಎಂಬುದೊಂದು ಅರ್ಥವಾಗಿ ನಕ್ಕರು. ನಾನು ಕೊರಳಿನ ಫೋನು ಎತ್ತಿ ಚಿತ್ರೀಕರಿಸಿದೆ. ಕೊಳ ಕಾಯುವ ಹುಡುಗಿ ಸೀಟಿ ಊದುತ್ತ ಓಡಿಬಂದಳು. ಬಟ್ಟೆಯಲ್ಲಿ ಇಳಿಯುವಂತಿಲ್ಲ, ಆಚೆ ಬನ್ನಿ ಎಂದಳು. ಅವರು ಎರಡೂ ಕೈ ಜೋಡಿಸಿ, “ಸಾರಿ, ಸಾರಿ, ಮುಗೀತು,” ಎಂದು ಡಚ್ಚಿನಲ್ಲಿ ಹೇಳಿ ದಡ ಹತ್ತಿದರು. ಆ ಹೊತ್ತಿನಲ್ಲೇ, ನೀರಲ್ಲಿ ನಿಂತೇ, ನಾನು ಆ ತುಣುಕನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ‘ಕೊನೆಗೂ ನೀರಿಗಿಳಿದ ನಮ್ಮ ಸಾರ್!’ ಎಂದು ಬರೆದು ನಗುವ ಮುಖಗಳನ್ನು ಸೇರಿಸಿದೆ.

“ಏನ್ ಸಾರ್, ಇಷ್ಟು ವರ್ಷದ್ದೆಲ್ಲ ಒಂದೇ ಸಲಕ್ಕೆ ತೀರಿಸಿಬಿಟ್ರಾ?” ಎಂದೆ ಹತ್ತಿರ ಹೋಗಿ.

ಅವರು ಮುಗುಳ್ನಕ್ಕರೆಂದು ನನಗೆ ನೆನಪು. ಹೆಂಡತಿ ಇಲ್ಲವೆನ್ನುತ್ತಾಳೆ. ವೀಡಿಯೊದಲ್ಲಿ ಅವರ ಮುಖವಿಲ್ಲ, ಬೆನ್ನಿಗಂಟಿದ ಅಂಗಿಯಿದೆ. “ಇನ್ನೂ ಒಂದು ಗಂಟೆ ಇದೆಯಲ್ಲ, ಮಗು ಆಡ್ಲಿ. ನಾನು ಮನೆಗೆ ಹೋಗಿರ್ತೀನಿ,” ಎಂದು ಬಾಡಿಗೆ ಮನೆಯ ಕೀಲಿ ಇಸಿದುಕೊಂಡರು. ಹೋಗುವ ಮೊದಲು ಬ್ಯಾಗುಗಳನ್ನು ಎಣಿಸಿ, ನನ್ನ ಹೆಂಡತಿಯನ್ನು ಕರೆದು, ಇಲ್ಲೇ ಕೂತಿರಮ್ಮ ಎಂದು ಕುರ್ಚಿ ಒಪ್ಪಿಸಿದರು.

ಅವರು ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು. ಪುಳಿಯೋಗರೆ ಬಡಿಸಿಕೊಂಡು ನಾವು ಉಂಡೆವು. ನಾಲ್ಕು ಗಂಟೆಗೆ ಮಗಳು ಸೈಕಲ್ ಹೊಡೆಯಲು ಆಚೆ ಹೋದ ಮೇಲೆ, ಕಾಫಿ ಕೊಟ್ಟ ನನ್ನ ಹೆಂಡತಿಗೆ ಲೋಟ ಹಿಂದಿರುಗಿಸಿ, “ಅಮ್ಮ ಹೋದ್ರು,” ಎಂದರು.

“ಯಾವಾಗ?”

“ಮಧ್ಯಾಹ್ನ. ನಾನು ಕುರ್ಚಿ ಮೇಲೆ ಕೂತಿದ್ದಾಗ ಅಕ್ಕ ಫೋನ್ ಮಾಡಿದ್ಲು. ಇಷ್ಟು ಹೊತ್ತಿಗೆ ಸುಟ್ಟಿರ್ತಾರೆ. ಮುಖ ತೋರ್ಸಲ್ವಂತೆ. ಪ್ಲಾಸ್ಟಿಕ್ ಸುತ್ತಿ ಅವರೇ ತಗೊಂಡೋಗ್ತಾರಂತೆ.”

ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು. ತಾಯಿಯ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಕೂತಲ್ಲಿಂದ ಎದ್ದು, ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ಮೂರು ಮುಳುಗು ಹಾಕಬೇಕು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸ್ನಾನ. ನನ್ನ ಅಜ್ಜ ತೀರಿಕೊಂಡಾಗ ಹಿತ್ತಲಿನ ನಲ್ಲಿಯ ಕೆಳಗೆ ನಾನೂ ಮಾಡಿದ್ದೆ. ಹೊಳೆಯ ದಡದಲ್ಲಾಗಿದ್ದರೆ ದೂರದಿಂದಲೇ ಗುರುತಿಸಿ ತಲೆ ತಗ್ಗಿಸುತ್ತಿದ್ದೆನೋ ಏನೋ. ಇಲ್ಲಿ ಪ್ಲಾಸ್ಟಿಕ್ ತಾಳೆಮರವಿತ್ತು, ನಾನು ನಕ್ಕೆ.

“ನಮಗೆ ಅಲ್ಲೇ ಹೇಳಬಾರದಿತ್ತಾ ಸಾರ್?” ಎಂದಳು ಹೆಂಡತಿ, ಅಳುತ್ತ.

“ಹೇಳಿದ್ರೆ ಮಗುನೂ ಎಬ್ಬಿಸ್ಕೊಂಡು ಬರ್ತಿದ್ರಿ.”

ನಾನು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಸ್ಟೇಟಸ್ ಅಳಿಸಿದೆ. ಅಳಿಸುವ ಮುನ್ನ ಯಾರು ಯಾರು ನೋಡಿದ್ದಾರೆಂದು ನೋಡಿದೆ. ಪಟ್ಟಿಯ ನಡುವೆ ‘ಮೈಸೂರು ಅಕ್ಕ’ ಇತ್ತು.

ಅವತ್ತು ಅವರಿಗೆ ಅದನ್ನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಹದಿಮೂರು ದಿನ ಕಳೆಯಿತು. ಮೈಸೂರಿನಲ್ಲಿ ಭಾವನೇ ಕರ್ಮ ಮಾಡಿದರು, ಇವರು ಇಲ್ಲಿ ಫೋನನ್ನು ಸ್ಟೀಲ್ ಲೋಟಕ್ಕೆ ಒರಗಿಸಿಟ್ಟುಕೊಂಡು ಅದನ್ನು ನೋಡಿದರು. ಜೂನ್ ನಡುವೆ ಒಂದು ಸಂಜೆ ಕಟ್ಟಡದ ಮುಂದಿನ ಬೆಂಚಿನಲ್ಲಿ ಕುಳಿತಿದ್ದಾಗ, “ಅಕ್ಕ ಮಾತು ಬಿಟ್ಟಿದಾಳೆ,” ಎಂದರು.

ಆಗ ಹೇಳಿದೆ. “ಸಾರ್, ತಪ್ಪು ನನ್ನದು. ಅವತ್ತು ನೀವು ಮುಳುಗಿದ್ದು ವೀಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಿದ್ದೆ. ಅಕ್ಕ ನೋಡಿದಾರೆ.”

“ಗೊತ್ತು.”

“ಅಮ್ಮ ಹೋದ ದಿನ ನೀವು ನೀರಾಟ ಆಡ್ತಿದ್ರಿ ಅಂದ್ಕೊಂಡಿರ್ತಾರೆ. ನಾನು ಫೋನ್ ಮಾಡಿ ಹೇಳ್ತೀನಿ.”

“ಬೇಡ. ನೀನು ಅವಳ ಹತ್ರ ಮಾತಾಡ್ಬೇಡ.” ಬೆಂಚಿನಿಂದ ಏಳುತ್ತ, “ಎಂಟು ದಿನ ಗೇಟ್ ಹತ್ರ ನಿಂತಿದ್ದೋಳು ಕಣಯ್ಯ. ಕೋಪ ಇರುತ್ತೆ. ಇರ್ಲಿ,” ಎಂದರು.

ಆ ‘ಬೇಡ’ ನನಗೆ ಅನುಕೂಲವಾಗಿತ್ತು. ಅದನ್ನು ಹಿಡಿದುಕೊಂಡು ಆರು ತಿಂಗಳು ಸುಮ್ಮನಿದ್ದೆ. ಮೈಸೂರಿನ ನಂಬರಿನ ಮೇಲೆ ಎಷ್ಟೋ ಸಲ ಬೆರಳಿಟ್ಟು ತೆಗೆದೆ. ಅಕ್ಕ ತಮ್ಮನ ನಡುವೆ ನನ್ನ ಮೂವತ್ತು ಸೆಕೆಂಡಿನ ವೀಡಿಯೊ ಕುಳಿತಿದೆ ಎಂದು ತಿಳಿದೂ, ನನ್ನಿಂದಾದದ್ದನ್ನು ನಾನೇ ಬಿಡಿಸಬೇಕೆಂದು ತಿಳಿದೂ ಸುಮ್ಮನಿದ್ದೆ.

ಆಗಸ್ಟಿನಲ್ಲಿ ಮತ್ತೆ ಪಾರ್ಕಿಗೆ ಹೋದೆವು. ಕರೆಯಲು ನನಗೆ ಮುಖವಿರಲಿಲ್ಲ, ಮಗಳು ಹೋಗಿ ಕರೆದಳು. ಬಂದರು. ಕೊಳದ ಅಂಚಿನಲ್ಲಿ ಅದೇ ಬಿಳಿ ಕುರ್ಚಿ, ಬೂಟಿಗೆ ಅದೇ ನೀಲಿ ಚೀಲ. ಮಗಳಿಗೆ ಏನೂ ಗೊತ್ತಿರಲಿಲ್ಲ.

“ಇವತ್ತೂ ಈಜ್ತೀರಾ ಅಂಕಲ್?”

“ಅವತ್ತೇ ಡಿಪ್ಲೊಮಾ ಸಿಕ್ತಲ್ಲ ಪುಟ್ಟ. ಸಾಕು.”

ನನ್ನ ಹೆಂಡತಿ ಮುಖ ತಿರುಗಿಸಿ ಜಾರುಬಂಡೆಯ ಕಡೆ ನಡೆದಳು. ಅವರು ನನ್ನ ಕನ್ನಡಕಕ್ಕೆ ಕೈ ಚಾಚಿದರು. ನಾನು ಕೊಟ್ಟೆ. ಕೊಡದೇ ಇರಬಹುದಿತ್ತು. ಅವರ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಕೂರಬಹುದಿತ್ತು. ಅದು ಹೊಳೆದದ್ದು ಈಗ, ಬರೆಯುವಾಗ.

ಡಿಸೆಂಬರಿನಲ್ಲಿ ಮತ್ತೆ ಎಲ್ಲ ಮುಚ್ಚಿದವು. ಒಂದು ದಿನ ಅವರು ಕಚೇರಿಯಲ್ಲಿ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆಗೆ ಒಬ್ಬರನ್ನಷ್ಟೇ ಬಿಡುತ್ತಿದ್ದರು. ನೀವು ಕುಟುಂಬದವರಾ ಎಂದು ಬಾಗಿಲಲ್ಲಿ ನರ್ಸು ಕೇಳಿದಳು. ಹೌದು ಎಂದೆ. ಒಳಗೆ ಅವರಿಗೆ ಎಚ್ಚರವಿರಲಿಲ್ಲ. ಮೂಗಿನಲ್ಲಿ ನಳಿಕೆ, ಅಂಗಿಯಿಲ್ಲದ ಎದೆಯ ಮೇಲೆ ವೈರುಗಳು. ಸುಟ್ಟ ಕಲೆ ಎಲ್ಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯಿಂದ ಫೋನು ಬಂತು.

ಮೈಸೂರಿಗೆ ತಿಳಿಸಬೇಕಾದವನು ನಾನೇ. ಕುಸಿದದ್ದನ್ನು ಹಿಂದಿನ ದಿನ ಅವರ ಭಾವನಿಗೆ ತಿಳಿಸಿದ್ದೆ. ಇದನ್ನು ಅಕ್ಕನಿಗೇ ಹೇಳಬೇಕೆಂದುಕೊಂಡೆ. ಎರಡನೆಯ ರಿಂಗಿಗೆ ಎತ್ತಿದರು.

“ಹೇಳಿ,” ಎಂದರು. ಆಮೇಲೆ ನಾನು ಹೇಳುವ ಮೊದಲೇ, “ಹೋದ್ನಾ?” ಎಂದರು.

“ಹೋದ್ರು ಅಕ್ಕ.”

ಈಗ ಹೇಳದಿದ್ದರೆ ಎಂದೂ ಹೇಳಲಾರೆನೆಂದು, ಆರು ತಿಂಗಳಿಂದ ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳತೊಡಗಿದೆ. “ಅಕ್ಕ, ಒಂದು ಮಾತು. ಅಮ್ಮ ಹೋದ ದಿನ ಒಂದು ವೀಡಿಯೊ ನೋಡಿದ್ರಲ್ಲ, ಅವರು ಅವತ್ತು ಆಟ ಆಡ್ತಿರಲಿಲ್ಲ. ನಿಮ್ಮ ಫೋನ್ ಬಂದ ತಕ್ಷಣ ಅವರು...”

“ಸ್ನಾನ ಮಾಡಿದ. ಅಷ್ಟು ಗೊತ್ತಾಗಲ್ವೇನ್ರೀ ನನಗೆ? ಅಂಗಿ ಪ್ಯಾಂಟಲ್ಲಿ ಮೂರು ಸಲ ಮುಳುಗಿದ. ನೋಡಿದ ಕ್ಷಣಕ್ಕೆ ಗೊತ್ತಾಯ್ತು.”

“ಮತ್ತೆ... ಮಾತು ಬಿಟ್ರಲ್ಲ?”

“ಅದರಲ್ಲಿ ನೀವೆಲ್ಲ ನಗ್ತಿದ್ರಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಅಲ್ಲಿ ಮನೆಯವರೇ ಇದಾರೆ ಅಂತಿದ್ದ. ತಾಯಿ ಸತ್ತಿದ್ದು ಪಕ್ಕದಲ್ಲಿ ನಿಂತೋರಿಗೆ ಹೇಳ್ಕೊಳ್ಳೋಕೆ ಆಗ್ಲಿಲ್ಲ ಅವನಿಗೆ. ಎಂಥ ಮನೆಯವರೋ ಅದು, ಬಿಟ್ಟು ಬಾ ಇಲ್ಲಿಗೆ ಅಂದೆ. ಹದಿಮೂರನೇ ದಿನವೂ ಅಂದೆ. ಬರಲ್ಲ ಅಂದ. ಅಲ್ಲೊಂದು ಮಗು ಇದೆ, ಅದು ಹಚ್ಚಿಕೊಂಡಿದೆ ಅಂದ. ಹಾಗಾದ್ರೆ ಅವರ ಜೊತೇಲೇ ಇರು ಅಂತ ಮಾತು ಬಿಟ್ಟೆ.”

ಅಕ್ಕ ತಪ್ಪು ತಿಳಿದಿದ್ದಾರೆಂದು ಸಾರ್ ಒಂದು ಸಲವೂ ನನಗೆ ಹೇಳಿರಲಿಲ್ಲ. ‘ಮಾತು ಬಿಟ್ಟಿದಾಳೆ’ ಎಂದಷ್ಟೇ ಹೇಳಿದ್ದರು, ಉಳಿದ ಕಥೆಯನ್ನು ಕಟ್ಟಿಕೊಂಡವನು ನಾನು. ವಿವರಿಸಿದರೆ ಕರಗಿಹೋಗುವಂಥ ಒಂದು ತಪ್ಪನ್ನು ನನಗಾಗಿ ಆರಿಸಿಕೊಂಡು ಆರು ತಿಂಗಳು ಅದರೊಳಗೆ ಬದುಕಿದ್ದೆ. ಅವರಿಗೆ ನಿಜ ಗೊತ್ತಿತ್ತು. ನನ್ನ ಕಿವಿಗೆ ಬೀಳದಿರಲೆಂದೇ ಫೋನ್ ಮಾಡಬೇಡ ಎಂದಿದ್ದರು.

“ಇಡ್ತೀನಿ,” ಎಂದರು ಅಕ್ಕ. “ಸ್ನಾನಕ್ಕೆ ಹೋಗ್ಬೇಕು.” ಇಡುವ ಮೊದಲು, “ಅವನು ಮನೆಯವರು ಅಂತಿದ್ನಲ್ಲ. ನೀವೂ ಮಾಡಿ,” ಎಂದರು.

ನಮ್ಮ ಬಚ್ಚಲು ಸಣ್ಣದು. ಗಾಜಿನ ಬಾಗಿಲಿನ ಹಿಂದೆ ಒಬ್ಬರು ನಿಲ್ಲುವಷ್ಟು ಜಾಗ. ಸ್ವೆಟರ್, ಪ್ಯಾಂಟು, ಕಾಲುಚೀಲದಲ್ಲೇ ಒಳಗೆ ಹೋಗಿ ತಣ್ಣೀರು ತಿರುಗಿಸಿದೆ. ಅಲ್ಲಿ ಮುಳುಗಲು ಬರುವುದಿಲ್ಲ. ಕುಕ್ಕುರುಗಾಲಲ್ಲಿ ಕೂತು ಎದ್ದೆ, ಕೂತು ಎದ್ದೆ. ಮೂರನೆಯ ಸಲ ಏಳಲಾಗಲಿಲ್ಲ. ನೀರು ಕುಡಿದ ಉಣ್ಣೆ ಅಷ್ಟು ಭಾರವಾಗಿತ್ತು. ಹೆಂಡತಿ ಬಂದು ನೀರು ನಿಲ್ಲಿಸುವವರೆಗೆ ಹಾಗೇ ಕೂತಿದ್ದೆ.